ಅರವತ್ತೆರಡು ಪಂದ್ಯ, ಒಂದು ಸೋಲು

ಸಭೆಯ ಹಿರಿಯರೇ, ಗೆಳೆಯರೇ,

ಇಂದು ನಾನು ಮಾತನಾಡಲು ಆರಿಸಿಕೊಂಡಿರುವ ವಿಷಯ, ಅಮೆರಿಕದಲ್ಲಿ 2023ರ ಫೆಬ್ರವರಿಯಿಂದ ಜೂನ್‌ವರೆಗೆ ನಡೆದ ಮಹಿಳಾ ಕಾಲೇಜು ಸಾಫ್ಟ್‌ಬಾಲ್ ಋತು, ಅದರಲ್ಲಿಯೂ ಒಕ್ಲಹೋಮ ವಿಶ್ವವಿದ್ಯಾಲಯದ ತಂಡ. ಆ ವರ್ಷ ಆ ತಂಡ 62 ಪಂದ್ಯಗಳನ್ನು ಆಡಿ 61ರಲ್ಲಿ ಗೆದ್ದಿತು, ಒಂದರಲ್ಲಿ ಸೋತಿತು. ಅಂಕಿಗಳನ್ನು ಕೇಳಿದಾಕ್ಷಣ ಮಾತು ಅಲ್ಲಿಗೇ ಮುಗಿಯಿತೆಂದು ಅನ್ನಿಸುವುದು ಸಹಜ. ಬಲಿಷ್ಠರು ಗೆದ್ದರು, ಉಳಿದವರು ಸೋತರು, ಅದರಲ್ಲಿ ಹೇಳುವುದಕ್ಕೇನಿದೆ ಎಂದು ಈ ವಿಷಯವನ್ನು ಆರಿಸಿಕೊಂಡಾಗ ಒಬ್ಬಿಬ್ಬರು ನನ್ನನ್ನು ಕೇಳಿಯೂ ಕೇಳಿದರು. ಆ ತಂಡ ಬಲಿಷ್ಠವಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಗೆದ್ದೇ ಗೆಲ್ಲುತ್ತಾರೆ ಎಂದು ನಾಡೆಲ್ಲ ನಂಬಿರುವ ಪಂದ್ಯವನ್ನು ವಾರಕ್ಕೆ ಮೂರು ನಾಲ್ಕು ಸಲ ಆಡಬೇಕಾದ ಹೊರೆಯನ್ನು ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೆರಡು ವಯಸ್ಸಿನ ಹೆಣ್ಣುಮಕ್ಕಳು ಹೇಗೆ ಹೊತ್ತರು ಎಂಬ ಪ್ರಶ್ನೆಗೆ ಆ ಬಲವೊಂದೇ ಉತ್ತರವಾಗಲಾರದು. ಆ ಪ್ರಶ್ನೆಯನ್ನು ಹಿಡಿದುಕೊಂಡೇ ಈ ಋತುವನ್ನು ನೋಡಬೇಕೆಂದು ನನ್ನ ಕೋರಿಕೆ.

ಆಟದ ಪರಿಚಯವಿಲ್ಲದವರಿಗಾಗಿ ಕೆಲವು ಮಾತುಗಳು. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಸಾಫ್ಟ್‌ಬಾಲ್ ಆಡಿದವರು ಈ ಸಭೆಯಲ್ಲಿಯೂ ಇರಬಹುದು. ಉಳಿದವರಿಗೆ ಕ್ರಿಕೆಟ್ ಚೆನ್ನಾಗಿ ಗೊತ್ತಿರುವುದರಿಂದ ಆ ದಾರಿಯಲ್ಲೇ ಹೋಗುವುದು ಸುಲಭ. ಕ್ರಿಕೆಟ್ ಪಿಚ್‌ನ ಉದ್ದ 22 ಗಜ, ಎಂದರೆ 66 ಅಡಿ. ಮಹಿಳೆಯರ ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್‌ಗೂ ಬ್ಯಾಟು ಹಿಡಿದವಳ ಪಕ್ಕದ ಹೋಮ್ ಪ್ಲೇಟ್‌ಗೂ ನಡುವೆ ಇರುವುದು 43 ಅಡಿ ಮಾತ್ರ. ಪಿಚರ್ ತನ್ನ ತೋಳನ್ನು ಪೂರ್ತಿ ಒಂದು ಸುತ್ತು ಚಕ್ರದಂತೆ ತಿರುಗಿಸಿ, ಮುಂದಕ್ಕೆ ಚಿಮ್ಮಿ, ಸೊಂಟದ ಪಕ್ಕದಿಂದ ಚೆಂಡನ್ನು ಬಿಡುತ್ತಾಳೆ. ಆ ಚಿಮ್ಮುವ ಹೆಜ್ಜೆಯಿಂದ 43 ಅಡಿಯ ಅಂತರವೂ ಇನ್ನಷ್ಟು ಕಿರಿದಾಗುತ್ತದೆ. ಉತ್ತಮ ಪಿಚರ್‌ನ ಚೆಂಡು ಗಂಟೆಗೆ 110 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ, ನೆಲಕ್ಕೆ ತಾಗದೆ ನೇರವಾಗಿ ಬರುತ್ತದೆ. ಅಂತರ ಕಡಿಮೆಯಾದುದರಿಂದ ಬ್ಯಾಟರ್‌ಗೆ ಚೆಂಡನ್ನು ನೋಡಿ, ತೀರ್ಮಾನಿಸಿ, ಬ್ಯಾಟು ಬೀಸುವುದಕ್ಕೆ ದೊರಕುವ ಸಮಯ ಅರ್ಧ ಸೆಕೆಂಡಿಗಿಂತಲೂ ಕಡಿಮೆ. ನಮ್ಮ ಅತಿ ವೇಗದ ಬೌಲರ್‌ಗಳನ್ನು ಎದುರಿಸುವವರಿಗೆ ಸಿಗುವ ಕಾಲಾವಕಾಶ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಚೆಂಡಿನ ಸುತ್ತಳತೆ 12 ಅಂಗುಲ, ಬಣ್ಣ ಢಾಳಾದ ಹಳದಿ. ಹೆಸರಿನಲ್ಲಿ 'ಸಾಫ್ಟ್' ಎಂದಿದ್ದರೂ ಚೆಂಡು ಮೃದುವಾದುದೇನಲ್ಲ. ಪಂದ್ಯಕ್ಕೆ ಏಳು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲೂ ಎರಡೂ ತಂಡಗಳು ಸರದಿಯಂತೆ ಮೂರು ಔಟ್ ಆಗುವವರೆಗೆ ಬ್ಯಾಟು ಹಿಡಿಯುತ್ತವೆ. ಹೊಡೆದವಳು ಮೂರು ಬೇಸ್‌ಗಳನ್ನು ದಾಟಿ ಹೋಮ್ ಪ್ಲೇಟಿಗೆ ಮರಳಿದರೆ ಒಂದು ರನ್. ಚೆಂಡು ಬೇಲಿಯನ್ನು ದಾಟಿದರೆ ಅದು ಹೋಮ್ ರನ್, ಆಗ ಅವಳಿಗೂ ಬೇಸ್‌ಗಳಲ್ಲಿ ನಿಂತವರಿಗೂ ಒಂದೊಂದು ರನ್ ಸಿಗುತ್ತದೆ.

ಈ ಆಟದ ಅತ್ಯಂತ ಸೊಗಸಾದ ಎಸೆತವನ್ನು ರೈಸ್ ಬಾಲ್ ಎನ್ನುತ್ತಾರೆ. ಬೆರಳುಗಳು ಚೆಂಡನ್ನು ಬಿಡುವ ಗಳಿಗೆಯಲ್ಲಿ ಅದಕ್ಕೆ ಹಿಮ್ಮುಖವಾದ ಸುತ್ತನ್ನು ಕೊಡುತ್ತವೆ, ಆ ಸುತ್ತಿನಿಂದಾಗಿ ಚೆಂಡು ಸಹಜವಾಗಿ ಬೀಳಬೇಕಾದಷ್ಟು ಬೀಳುವುದಿಲ್ಲ. ಕೆಳಗಿನಿಂದ ಹೊರಟು ಬರುವ ಚೆಂಡು ತನ್ನ ಕಣ್ಣಿನ ಅಂದಾಜಿಗಿಂತ ಮೇಲೆ ಹಾದುಹೋಗುವುದರಿಂದ ಬ್ಯಾಟರ್ ಅದರ ಕೆಳಗೆ ಬರಿ ಗಾಳಿಗೆ ಬ್ಯಾಟು ಬೀಸುತ್ತಾಳೆ. ಡ್ರಾಪ್ ಬಾಲ್ ಇದರ ವಿರುದ್ಧ ಸ್ವಭಾವದ್ದು, ಪ್ಲೇಟಿನ ಹತ್ತಿರ ಬಂದು ಕುಸಿಯುತ್ತದೆ. ಇವೆರಡನ್ನೂ ಒಂದೇ ತೋಳಿನ ಚಲನೆಯಿಂದ ಎಸೆಯಬಲ್ಲವಳು, ನಡುನಡುವೆ ನಿಧಾನಗತಿಯ ಚೆಂಡೊಂದನ್ನು ಸೇರಿಸಬಲ್ಲವಳು ಇದ್ದರೆ ಎಂಥ ಬ್ಯಾಟಿಂಗ್ ಸಾಲೂ ತತ್ತರಿಸಬಹುದು. ನನ್ನ ವಾದಕ್ಕೆ ಬೇಕಾದ ಸಂಗತಿ ಇದರಲ್ಲಿದೆ. ಬೇಸ್‌ಬಾಲ್‌ನಲ್ಲಿ ಪಿಚರ್ ಒಂದು ಪಂದ್ಯ ಎಸೆದರೆ ಹಲವು ದಿನ ವಿಶ್ರಾಂತಿ ಪಡೆಯಬೇಕಾಗುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಒಬ್ಬಳೇ ಪಿಚರ್ ದಿನ ಬಿಟ್ಟು ದಿನ, ಕೆಲವೊಮ್ಮೆ ದಿನವೂ, ಎಸೆಯುವುದುಂಟು. ಆದ್ದರಿಂದ ಸಾಧಾರಣ ತಂಡವೊಂದರಲ್ಲಿ ಅಸಾಧಾರಣ ಪಿಚರ್ ಒಬ್ಬಳಿದ್ದು, ಆ ದಿನ ಅವಳ ಕೈ ಚೆನ್ನಾಗಿ ನಡೆದರೆ, ದೇಶದ ಅತ್ಯುತ್ತಮ ತಂಡವೂ ಏಳು ಇನಿಂಗ್ಸ್‌ಗಳಲ್ಲಿ ಒಂದೇ ಒಂದು ರನ್ ಗಳಿಸಲಾಗದೆ ಮನೆಗೆ ಹೋಗಬೇಕಾಗಬಹುದು. ಇಂಥ ಆಟದಲ್ಲಿ ಐವತ್ತಕ್ಕೂ ಹೆಚ್ಚು ಪಂದ್ಯಗಳನ್ನು ಎಡೆಬಿಡದೆ ಗೆಲ್ಲುವುದು ಬಲದ ಲೆಕ್ಕಾಚಾರಕ್ಕೆ ನಿಲುಕುವ ಮಾತಲ್ಲ.

ಈ ತಂಡ ನಿಂತಿರುವ ನೆಲದ ಕಥೆಯನ್ನೂ ಹೇಳಬೇಕು. 1972ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ 'ಟೈಟಲ್ ನೈನ್' ಎಂಬ ಕಾನೂನು, ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು ವಿಧಿಸಿತು. ಆ ಕಾನೂನಿನ ಮೂಲ ವಾಕ್ಯದಲ್ಲಿ ಕ್ರೀಡೆಯ ಹೆಸರೇ ಇಲ್ಲ. ಆದರೂ ಅದರ ಫಲ ಅತ್ಯಂತ ಕಣ್ಣಿಗೆ ಕಾಣುವಂತೆ ಬಿದ್ದದ್ದು ಕಾಲೇಜುಗಳ ಆಟದ ಮೈದಾನದ ಮೇಲೆ. ಹೆಣ್ಣುಮಕ್ಕಳ ಕಾಲೇಜು ಸಾಫ್ಟ್‌ಬಾಲ್ ವಿಶ್ವ ಸರಣಿ 1969ರಿಂದಲೇ ಓಮಾಹಾ ನಗರದಲ್ಲಿ ನಡೆಯುತ್ತಿತ್ತು, 1982ರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ತನ್ನದೇ ಚಾಂಪಿಯನ್‌ಷಿಪ್ ಆರಂಭಿಸಿತು. 1990ರಿಂದ, ಒಂದು ವರ್ಷವನ್ನು ಬಿಟ್ಟರೆ, ಅಂತಿಮ ಘಟ್ಟದ ಪಂದ್ಯಗಳು ಒಕ್ಲಹೋಮ ಸಿಟಿಯಲ್ಲೇ ನಡೆಯುತ್ತ ಬಂದಿವೆ.

ಆ ನಗರದಿಂದ ಅರ್ಧ ಗಂಟೆಯ ದಾರಿಯಲ್ಲಿರುವ ನಾರ್ಮನ್ ಪಟ್ಟಣದ ಒಕ್ಲಹೋಮ ವಿಶ್ವವಿದ್ಯಾಲಯಕ್ಕೆ ಪ್ಯಾಟಿ ಗ್ಯಾಸೊ ಎಂಬ ತರಬೇತುದಾರ್ತಿ 1995ರ ಋತುವಿಗೆ ಬಂದರು. ಅದಕ್ಕೆ ಮುಂಚೆ ಅವರು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸಿಟಿ ಕಾಲೇಜಿನಲ್ಲಿದ್ದರು. ಬಂದಾಗ ತಂಡಕ್ಕೆ ಸ್ವಂತ ಮೈದಾನವಿರಲಿಲ್ಲ, ರೀವ್ಸ್ ಪಾರ್ಕ್ ಎಂಬ ಊರಿನ ಸಾರ್ವಜನಿಕ ಉದ್ಯಾನದ ಅಂಗಳದಲ್ಲಿ ಆಡಬೇಕಾಗಿತ್ತು. 1998ರಲ್ಲಿ ಕ್ಯಾಂಪಸ್ಸಿನಲ್ಲೇ ಮೈದಾನವಾಯಿತು, 2000ದಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂತು. ಅನಂತರ 2013, 2016, 2017, 2021, 2022. ಈ ವರ್ಷಗಳ ಸಾಲನ್ನು ಯಶಸ್ಸಿನ ಏಣಿಯೆಂದು ಓದುವುದು ಸುಲಭ. ಆದರೆ 2000ಕ್ಕೂ 2013ಕ್ಕೂ ನಡುವೆ ಇರುವ ಹದಿಮೂರು ವರ್ಷಗಳನ್ನು ಗಮನಿಸಿ. ಒಬ್ಬಳು ವಿದ್ಯಾರ್ಥಿನಿ ಕಾಲೇಜಿನಲ್ಲಿ ಆಡುವುದು ನಾಲ್ಕು ವರ್ಷ. ಆ ಅವಧಿಯಲ್ಲಿ ಎಷ್ಟೋ ಆಟಗಾರ್ತಿಯರು ಬಂದು, ಆಡಿ, ಪ್ರಶಸ್ತಿ ಮುಟ್ಟದೆ ಪದವಿ ಪಡೆದು ಹೋದರು. ಅವರ ಹೆಗಲ ಮೇಲೆಯೇ ಮುಂದಿನ ತಂಡಗಳು ನಿಂತವು ಎಂಬುದು ನನ್ನ ನಂಬಿಕೆ.

ಇನ್ನೂ ಒಂದು ಸಂಗತಿಯನ್ನು ಮರೆಯಲಾಗದು. 2021ರ ವಿಶ್ವ ಸರಣಿಯಲ್ಲಿ ಮಳೆಯಿಂದ ವೇಳಾಪಟ್ಟಿ ಕೆಟ್ಟು, ಒಂದು ಪಂದ್ಯ ಮುಗಿಯುವಾಗ ರಾತ್ರಿ ಎರಡು ಗಂಟೆ ಕಳೆದಿತ್ತು. ಆ ಕ್ರೀಡಾಂಗಣದಲ್ಲಿ ಆಟಗಾರ್ತಿಯರಿಗೆ ಸ್ನಾನದ ವ್ಯವಸ್ಥೆಯೂ ಇರಲಿಲ್ಲ. ಪುರುಷರ ಬೇಸ್‌ಬಾಲ್ ಸರಣಿಗೆ ದೊರಕುವ ವಿಶ್ರಾಂತಿಯ ದಿನಗಳು ಮಹಿಳೆಯರಿಗೆ ಏಕಿಲ್ಲ ಎಂದು ಗ್ಯಾಸೊ ಅವರೂ ಸೇರಿದಂತೆ ಹಲವರು ಬಹಿರಂಗವಾಗಿಯೇ ಕೇಳಿದರು, ಮರುವರ್ಷ ವೇಳಾಪಟ್ಟಿ ಬದಲಾಯಿತು. ಕಾನೂನು ಬಂದು ಐವತ್ತು ವರ್ಷ ತುಂಬುತ್ತಿದ್ದಾಗಲೂ ಇಷ್ಟು ಸರಳವಾದ ವಿಷಯಗಳನ್ನು ಕೇಳಿ ಪಡೆಯಬೇಕಾಗಿತ್ತು ಎಂಬುದು ನನಗೆ ಇಂದಿಗೂ ನೋವಿನ ವಿಚಾರ.

ಈಗ 2023ಕ್ಕೆ ಬರೋಣ. ಹಿಂದಿನ ವರ್ಷ ತಂಡ 59 ಗೆದ್ದು 3 ಸೋತು ಚಾಂಪಿಯನ್ ಆಗಿತ್ತು. ಆ ಗೆಲುವಿನೊಂದಿಗೆ ಜೋಸ್ಲಿನ್ ಆಲೊ ಕಾಲೇಜು ಬಿಟ್ಟಿದ್ದರು. 122 ಹೋಮ್ ರನ್‌ಗಳೊಂದಿಗೆ ಕಾಲೇಜು ಸಾಫ್ಟ್‌ಬಾಲ್‌ನ ಸಾರ್ವಕಾಲಿಕ ದಾಖಲೆ ಅವರ ಹೆಸರಿನಲ್ಲಿತ್ತು. ಅಂಥವರು ಹೋದ ಮೇಲೆ ತಂಡ ಸೊರಗುತ್ತದೆಂದು ನಿರೀಕ್ಷಿಸುವುದು ನ್ಯಾಯವೇ ಆಗಿತ್ತು. ಆದರೆ ಮಿಷಿಗನ್‌ನಿಂದ ಪಿಚರ್ ಅಲೆಕ್ಸ್ ಸ್ಟೊರಾಕೊ, ಟೆಕ್ಸಸ್ ಎ ಅಂಡ್ ಎಂನಿಂದ ಹೇಲಿ ಲೀ, ಆರಿಜೋನ ಸ್ಟೇಟ್‌ನಿಂದ ಸಿಡ್ನಿ ಸ್ಯಾಂಡರ್ಸ್ ಬಂದು ಸೇರಿದರು. ಅಲಿಸ್ಸಾ ಬ್ರಿಟೊ ಅದಕ್ಕೂ ಮುಂಚೆ ಆರೆಗನ್‌ನಿಂದ ಬಂದಿದ್ದರು. ಉಳ್ಳವರಿಗೇ ಇನ್ನಷ್ಟು ಸೇರುತ್ತಿದೆ ಎಂಬ ಆಕ್ಷೇಪ ಆಗಲೇ ಇತ್ತು, ಅದರಲ್ಲಿ ಸತ್ಯವೂ ಇದೆ. ಕಾಲೇಜಿನಿಂದ ಕಾಲೇಜಿಗೆ ಹೋಗುವ ಸ್ವಾತಂತ್ರ್ಯ ಆಟಗಾರ್ತಿಗೆ ಒಳ್ಳೆಯದಾದರೂ ಸಣ್ಣ ತಂಡಗಳಿಗೆ ಅದರಿಂದ ಆಗುವ ನಷ್ಟವನ್ನು ನಾನು ಅಲ್ಲಗಳೆಯಲಾರೆ. ಆದರೆ ಒಳ್ಳೆಯ ಆಟಗಾರ್ತಿಯರನ್ನು ಒಂದೆಡೆ ಕೂಡಿಸಿದ ಮಾತ್ರಕ್ಕೆ ಒಳ್ಳೆಯ ತಂಡವಾಗುವುದಿಲ್ಲ. ಹಿಂದೆ ತಮ್ಮ ತಮ್ಮ ಕಾಲೇಜಿನಲ್ಲಿ ಮೊದಲ ಹೆಸರಾಗಿದ್ದವರು ಇಲ್ಲಿ ಸರದಿ ಕಾಯಬೇಕಾಗಿತ್ತು. ಸ್ಟೊರಾಕೊ ಜೊತೆಗೆ ಜೋರ್ಡಿ ಬಾಹ್ಲ್ ಮತ್ತು ನಿಕೋಲ್ ಮೇ ಎಂಬ ಇಬ್ಬರು ಪಿಚರ್‌ಗಳಿದ್ದರು. ಬೇರೆ ಯಾವ ತಂಡದಲ್ಲಿದ್ದರೂ ಆ ಮೂವರಲ್ಲಿ ಪ್ರತಿಯೊಬ್ಬಳೂ ಎಲ್ಲ ಪ್ರಮುಖ ಪಂದ್ಯಗಳನ್ನು ತಾನೇ ಎಸೆಯುತ್ತಿದ್ದಳು. ಇಲ್ಲಿ ಮೂವರೂ ಹಂಚಿಕೊಂಡರು. ಋತು ಮುಗಿಯುವ ಹೊತ್ತಿಗೆ ತೋಳುಗಳು ಬಳಲದೆ ಉಳಿದಿದ್ದಕ್ಕೆ ಈ ಹಂಚಿಕೆಯೇ ಕಾರಣವೆಂದು ನಾನು ಭಾವಿಸುತ್ತೇನೆ. ಬಾಹ್ಲ್ ಅವರಂತೂ ಹಿಂದಿನ ವರ್ಷದ ಕೊನೆಯಲ್ಲಿ ತೋಳಿನ ನೋವಿನಿಂದ ಹಲವು ಪಂದ್ಯಗಳನ್ನು ಕಳೆದುಕೊಂಡಿದ್ದರು.

ಋತು ಆರಂಭವಾಗಿ ಎಂಟು ಪಂದ್ಯಗಳಲ್ಲಿ ಎಂಟು ಗೆಲುವು. ಒಂಬತ್ತನೆಯದು ಫೆಬ್ರವರಿ 19ರ ಭಾನುವಾರ, ಟೆಕ್ಸಸ್‌ನ ವೇಕೋ ಪಟ್ಟಣದಲ್ಲಿ, ಬೇಲರ್ ವಿಶ್ವವಿದ್ಯಾಲಯದ ವಿರುದ್ಧ. ಬೇಲರ್ 4, ಒಕ್ಲಹೋಮ 3. ಒಂದೇ ರನ್‌ನ ಅಂತರ.

ಈ ಪಂದ್ಯದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು, ಇದು ತಂಡವನ್ನು ಎಚ್ಚರಿಸಿತು ಎಂಬ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಆ ವಾಕ್ಯ ನನಗೆ ಸಮಾಧಾನ ಕೊಡುವುದಿಲ್ಲ, ಸೋತ ತಂಡಗಳೆಲ್ಲ ಎಚ್ಚೆತ್ತು ಐವತ್ತಮೂರು ಪಂದ್ಯ ಗೆದ್ದುಬಿಡುವುದಿಲ್ಲವಲ್ಲ. ನಾನು ಬೇರೊಂದು ಬಗೆಯಲ್ಲಿ ನೋಡುತ್ತೇನೆ. ಫೆಬ್ರವರಿಯಲ್ಲೇ ಸೋತದ್ದರಿಂದ, ಒಂದೂ ಸೋಲಿಲ್ಲದ ಋತು ಎಂಬ ಮಾತು ಅಂದೇ ತೀರಿಹೋಯಿತು. ಆ ಕಳಂಕರಹಿತವಾದ ಸೊನ್ನೆಯನ್ನು ಕಾಪಾಡಿಕೊಳ್ಳುವ ಚಿಂತೆ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ಅವರನ್ನು ಕಾಡಬೇಕಾಗಿರಲಿಲ್ಲ. ಇದು ನನ್ನ ಊಹೆ, ಆಟಗಾರ್ತಿಯರು ಹಾಗೆ ಹೇಳಿದ್ದಾರೆಂದು ನಾನು ಹೇಳುತ್ತಿಲ್ಲ. ಆದರೆ ಗೆಲುವಿನ ಸರಣಿಯೊಂದು ಬೆಳೆಯುತ್ತ ಹೋದಂತೆ ಅದು ಹೇಗೆ ತಂಡದ ಕೈಯಿಂದ ಜಾರಿ ನೋಡುವವರ ಸ್ವತ್ತಾಗುತ್ತದೆ ಎಂಬುದನ್ನು ಗಮನಿಸಿದವರಿಗೆ, ಆ ಒಂದು ಸೋಲಿನ ಬೆಲೆ ಅರ್ಥವಾದೀತು.

ವೇಕೋದಿಂದ ಹಿಂದಿರುಗಿದ ಮೇಲಿನ ಮೂರು ತಿಂಗಳುಗಳನ್ನು ನಾನು ಬೇಗ ದಾಟುತ್ತೇನೆ. ಬಿಗ್ ಟ್ವೆಲ್ವ್ ಗುಂಪಿನ ಲೀಗ್ ಪಂದ್ಯಗಳು ಹದಿನೆಂಟು, ಹದಿನೆಂಟನ್ನೂ ಗೆದ್ದರು. ಐದು ಇನಿಂಗ್ಸ್ ಮುಗಿದಾಗ ಎಂಟು ಅಥವಾ ಅದಕ್ಕಿಂತ ಹೆಚ್ಚು ರನ್‌ಗಳ ಮುನ್ನಡೆಯಿದ್ದರೆ ಪಂದ್ಯವನ್ನು ಅಲ್ಲಿಗೇ ನಿಲ್ಲಿಸುವ ನಿಯಮವಿದೆ. ಎಷ್ಟೋ ಪಂದ್ಯಗಳು ಹಾಗೆಯೇ ಅರ್ಧದಲ್ಲಿ ಮುಗಿದವು. ಮೇ ತಿಂಗಳಲ್ಲಿ 64 ತಂಡಗಳ ರಾಷ್ಟ್ರೀಯ ಟೂರ್ನಿ ಆರಂಭವಾಯಿತು. ಮೊದಲ ಸುತ್ತನ್ನು ನಾರ್ಮನ್‌ನಲ್ಲಿ ಗೆದ್ದಾಗ ಸತತ ಗೆಲುವುಗಳ ಸಂಖ್ಯೆ 46 ಆಯಿತು. ಆರಿಜೋನ ವಿಶ್ವವಿದ್ಯಾಲಯ 1996 ಮತ್ತು 1997ರಲ್ಲಿ ಸ್ಥಾಪಿಸಿದ್ದ ದಾಖಲೆ 47. ಮೂರರಲ್ಲಿ ಎರಡು ಪಂದ್ಯ ಗೆಲ್ಲಬೇಕಾದ ಮುಂದಿನ ಸುತ್ತಿನಲ್ಲಿ, ಮೇ 26ರಂದು ಕ್ಲೆಮ್‌ಸನ್ ತಂಡವನ್ನು 9-2ರಿಂದ ಸೋಲಿಸಿ ಆ ದಾಖಲೆಯನ್ನು ಸರಿಗಟ್ಟಿದರು.

ದಾಖಲೆಯನ್ನು ಸರಿಗಟ್ಟಿದ ದಿನಕ್ಕಿಂತ ಅದರ ಮರುದಿನ ನನಗೆ ಮುಖ್ಯವಾದುದು. ಕ್ಲೆಮ್‌ಸನ್ ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡ ತನ್ನ ಮೊದಲ ಋತುವನ್ನು ಆಡಿದ್ದೇ 2020ರಲ್ಲಿ. ನಾಲ್ಕು ವರ್ಷಗಳ ಹಿಂದೆ ಅಂಗಳದಲ್ಲೇ ಇಲ್ಲದಿದ್ದ ತಂಡವೊಂದು ಚಾಂಪಿಯನ್ನರ ಮನೆಯಂಗಳಕ್ಕೆ ಬಂದು, ಹಿಂದಿನ ದಿನ ಏಳು ರನ್‌ಗಳಿಂದ ಸೋತು, ಮರುದಿನ ಮತ್ತೆ ಎದ್ದು ನಿಂತಿತ್ತು. ಆ ತಂಡದಲ್ಲಿ ವ್ಯಾಲೆರಿ ಕೇಗಲ್ ಇದ್ದರು. ಪಿಚಿಂಗ್‌ನಲ್ಲೂ ಬ್ಯಾಟಿಂಗ್‌ನಲ್ಲೂ ಸಮಾನವಾಗಿ ಮೇಲುಗೈ ಹೊಂದಿದ್ದ ಅವರಿಗೇ ಆ ವರ್ಷ ದೇಶದ ಶ್ರೇಷ್ಠ ಕಾಲೇಜು ಆಟಗಾರ್ತಿ ಎಂಬ ಪ್ರಶಸ್ತಿ ದೊರೆತದ್ದು. ಕೊನೆಯ, ಎಂದರೆ ಏಳನೆಯ ಇನಿಂಗ್ಸ್‌ಗೆ ಒಕ್ಲಹೋಮ ಬ್ಯಾಟು ಹಿಡಿದಾಗ ಕ್ಲೆಮ್‌ಸನ್ 7, ಒಕ್ಲಹೋಮ 4. ಮೂರು ರನ್‌ಗಳ ಕೊರತೆ. ಎರಡು ಔಟ್‌ಗಳಾದವು. ಬೇಸ್‌ಗಳಲ್ಲಿ ಇಬ್ಬರಿದ್ದರು. ಇನ್ನೊಂದು ಔಟ್ ಆದರೆ ಗೆಲುವಿನ ಸರಣಿ ಅಂತ್ಯ. ಸೋತರೂ ಮೂರನೆಯ ಪಂದ್ಯವೊಂದು ಉಳಿದಿರುತ್ತಿತ್ತು, ಋತುವೇ ಮುಗಿಯುತ್ತಿರಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಮೂರು ತಿಂಗಳಿಂದ ಸೋಲಿನ ರುಚಿಯನ್ನೇ ಮರೆತ ತಂಡ ಅಂದು ಸೋತಿದ್ದರೆ, ಮರುದಿನ ಯಾವ ಮನಸ್ಸಿನಿಂದ ಅಂಗಳಕ್ಕೆ ಇಳಿಯುತ್ತಿತ್ತೋ ಯಾರು ಬಲ್ಲರು?

ಬ್ಯಾಟು ಹಿಡಿದು ಬಂದವರು ಕಿಂಜಿ ಹ್ಯಾನ್ಸನ್, ತಂಡದ ಕ್ಯಾಚರ್. ನಮ್ಮ ವಿಕೆಟ್ ಕೀಪರ್‌ಗೆ ಇರುವುದಕ್ಕಿಂತ ಹೆಚ್ಚಿನ ಹೊಣೆ ಕ್ಯಾಚರ್‌ಗೆ ಇರುತ್ತದೆ. ಮೊಣಕಾಲು ಮಡಿಸಿ ಕುಳಿತು ನೂರಾರು ಎಸೆತಗಳನ್ನು ಹಿಡಿಯುವುದರ ಜೊತೆಗೆ, ಎದೆಗುಂದಿದ ಪಿಚರ್‌ನ ಬಳಿಗೆ ನಡೆದು ಹೋಗಿ ಧೈರ್ಯ ಹೇಳುವವಳೂ ಅವಳೇ. ಅಂದು ತನ್ನ ತಂಡ ಬಿಟ್ಟುಕೊಟ್ಟ ಏಳು ರನ್‌ಗಳನ್ನೂ ಎಲ್ಲರಿಗಿಂತ ಹತ್ತಿರದಿಂದ ಕಂಡವರು ಹ್ಯಾನ್ಸನ್. ಅವರು ಹೊಡೆದ ಚೆಂಡು ಬೇಲಿಯನ್ನು ದಾಟಿತು. ಮೂರು ರನ್‌ಗಳು, 7-7. ನಿಗದಿತ ಇನಿಂಗ್ಸ್‌ಗಳು ಮುಗಿದು ಪಂದ್ಯ ಮುಂದುವರಿಯಿತು. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಟಿಯಾರೆ ಜೆನ್ನಿಂಗ್ಸ್ ಹೋಮ್ ರನ್ ಹೊಡೆದರು. 8-7. ಗೆಲುವಿನ ಸರಣಿ 48ಕ್ಕೆ ಏರಿತು, ಹಳೆಯ ದಾಖಲೆ ಮುರಿಯಿತು.

ಆ ಪಂದ್ಯವನ್ನು ನಾನು ಹಲವು ಬಾರಿ ಮರಳಿ ನೋಡಿದ್ದೇನೆ. ಫಲಿತಾಂಶ ಗೊತ್ತಿದ್ದೂ ಹ್ಯಾನ್ಸನ್ ಪ್ಲೇಟಿಗೆ ಬರುವಾಗ ನನ್ನ ಅಂಗೈ ಬೆವರುತ್ತದೆ. ಆಗ ತಂಡದ ಕಟ್ಟೆಯ ಮೇಲೆ ನಿಂತ ಸಂಗಾತಿಗಳ ಮುಖಗಳಲ್ಲಿ ಆತಂಕವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅವರು ಕೂಗುತ್ತಲೇ ಇದ್ದಾರೆ. ಅದೇ ಕಾರಣಕ್ಕೆ ಈ ತಂಡವನ್ನು ಟೀಕಿಸಿದವರೂ ಉಂಟು, ಅತಿಯಾಗಿ ಕುಣಿಯುತ್ತಾರೆ, ಪ್ರತಿ ಹೊಡೆತಕ್ಕೂ ಸಂಭ್ರಮಿಸುತ್ತಾರೆ ಎಂದು. ಹುಡುಗರು ಮೈದಾನದಲ್ಲಿ ಎದೆ ತಟ್ಟಿ ಅಬ್ಬರಿಸಿದರೆ ಅದನ್ನು ಕೆಚ್ಚು ಎನ್ನುವವರು, ಹುಡುಗಿಯರು ನಕ್ಕು ಕೂಗಿದರೆ ಅತಿಯಾಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಈ ಮಾತು ಸಾಫ್ಟ್‌ಬಾಲ್‌ಗೆ ಮಾತ್ರ ಸೀಮಿತವಾದುದೂ ಅಲ್ಲ.

ಕ್ಲೆಮ್‌ಸನ್ ದಾಟಿದ ಮೇಲೆ ಉಳಿದ ಎಂಟು ತಂಡಗಳು ಒಕ್ಲಹೋಮ ಸಿಟಿಯಲ್ಲಿ ಸೇರಿದವು. ಅಲ್ಲಿ ಎರಡು ಸಲ ಸೋತ ತಂಡ ಹೊರಗೆ. ಜೂನ್ 1ರಂದು ಸ್ಟ್ಯಾನ್‌ಫರ್ಡ್ ವಿರುದ್ಧ 2-0, ಜೂನ್ 3ರಂದು ಟೆನೆಸಿ ವಿರುದ್ಧ 9-0. ಸ್ಟ್ಯಾನ್‌ಫರ್ಡ್ ಆ ಸೋಲಿನ ನಂತರ ತನ್ನ ಮುಂದಿನ ಎರಡು ಪಂದ್ಯಗಳಲ್ಲಿ ಎದುರಾಳಿಗೆ ಒಂದು ರನ್ನನ್ನೂ ಬಿಟ್ಟುಕೊಡದೆ ಗೆದ್ದು, ಜೂನ್ 5ರ ಸೋಮವಾರ ಮತ್ತೆ ಒಕ್ಲಹೋಮದ ಎದುರು ಬಂದು ನಿಂತಿತು. ಆ ತಂಡದಲ್ಲಿ ನೈಜಾರಿ ಕ್ಯಾನೆಡಿ ಎಂಬ ಪಿಚರ್ ಇದ್ದರು. ಕಾಲೇಜಿನ ಮೊದಲ ವರ್ಷ, ಅದೇ ಮೊದಲ ವಿಶ್ವ ಸರಣಿ. ಆಗ ತಾನೇ ಕಾಲೇಜು ಸೇರಿದ್ದ ಈ ಹುಡುಗಿಯ ರೈಸ್ ಬಾಲ್‌ಗೆ ದೇಶದ ಅತ್ಯಂತ ಪ್ರಬಲ ಬ್ಯಾಟಿಂಗ್ ಪಡೆ ಮತ್ತೆ ಮತ್ತೆ ಸೋಲುವುದನ್ನು ಕಂಡಾಗ, ಒಬ್ಬ ಪಿಚರ್ ಇಡೀ ಪಂದ್ಯವನ್ನು ತನ್ನ ಮುಷ್ಟಿಯಲ್ಲಿ ಹಿಡಿಯಬಲ್ಲಳೆಂದು ನಾನು ಆಗಲೇ ಹೇಳಿದ ಮಾತು ಕಣ್ಣೆದುರೇ ನಡೆಯುತ್ತಿತ್ತು. ಏಳು ಇನಿಂಗ್ಸ್ ಮುಗಿದಾಗ 2-2. ಎಂಟನೆಯದರಲ್ಲೂ ತೀರ್ಮಾನವಾಗಲಿಲ್ಲ. ಒಂಬತ್ತನೆಯದರಲ್ಲಿ ಮತ್ತೆ ಅದೇ ಟಿಯಾರೆ ಜೆನ್ನಿಂಗ್ಸ್, ಎರಡು ರನ್‌ಗಳನ್ನು ತಂದ ಹೊಡೆತ. 4-2. ಜೆನ್ನಿಂಗ್ಸ್ ಬಗ್ಗೆ ಬರೆಯುವವರು ಅವರ ಹೋಮ್ ರನ್‌ಗಳನ್ನು ಎಣಿಸುತ್ತಾರೆ. ನಾನಾದರೆ ಒಂಬತ್ತು ದಿನಗಳ ಅಂತರದಲ್ಲಿ ಎರಡು ಸಲ, ಒಂಬತ್ತನೆಯ ಇನಿಂಗ್ಸ್‌ನಲ್ಲಿ, ಬೇರೆ ಬೇರೆ ಪಿಚರ್‌ಗಳ ಎದುರು ಅವರು ತೋರಿದ ನೆಮ್ಮದಿಯನ್ನು ನೆನೆಯುತ್ತೇನೆ.

ಆ ನೆಮ್ಮದಿ ಎಲ್ಲಿಂದ ಬಂತು? ಅಂತಿಮ ಸರಣಿಗೆ ಮುಂಚಿನ ಪತ್ರಿಕಾಗೋಷ್ಠಿಯಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ವರದಿಗಾರರೊಬ್ಬರು ಕೇಳಿದರು. ಇಷ್ಟೊಂದು ನಿರೀಕ್ಷೆಯ ನಡುವೆ ಆಟದ ಆನಂದವನ್ನು ಹೇಗೆ ಉಳಿಸಿಕೊಂಡಿದ್ದೀರಿ ಎಂಬುದು ಅದರ ಸಾರ. ಒಕ್ಲಹೋಮ ಆಟಗಾರ್ತಿಯರಾದ ಗ್ರೇಸ್ ಲಯನ್ಸ್, ಜೇಡಾ ಕೋಲ್‌ಮನ್, ಅಲಿಸ್ಸಾ ಬ್ರಿಟೊ ಮೂವರೂ ತಮ್ಮ ಕ್ರೈಸ್ತ ಶ್ರದ್ಧೆಯನ್ನು ಮುಂದಿಟ್ಟು ಉತ್ತರಿಸಿದರು. ಸಂತೋಷ ಸನ್ನಿವೇಶವನ್ನು ಅವಲಂಬಿಸಿದ್ದು, ಆನಂದ ಹಾಗಲ್ಲ ಎಂಬುದು ಲಯನ್ಸ್ ಮಾತಿನ ತಾತ್ಪರ್ಯ. ಕೋಲ್‌ಮನ್ ಹೇಳಿದ್ದು ನನ್ನನ್ನು ಹೆಚ್ಚು ತಟ್ಟಿತು: ಕಾಲೇಜಿನ ಮೊದಲ ವರ್ಷದಲ್ಲೇ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಸಂತೋಷವಾಯಿತಾದರೂ, ಮರುದಿನ ಏನು ಮಾಡಬೇಕೆಂಬುದೇ ತೋಚಲಿಲ್ಲ ಎಂಬ ಅರ್ಥದ ಮಾತು ಅದು. ಅವರ ಶ್ರದ್ಧೆ ನಮ್ಮಲ್ಲಿ ಎಲ್ಲರದೂ ಆಗಿರಬೇಕಿಲ್ಲ. ಆದರೆ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು, ತನ್ನ ಕ್ಷೇತ್ರದ ಅತಿ ಎತ್ತರದ ಶಿಖರವನ್ನು ಹತ್ತಿ, ಅಲ್ಲಿ ತಾನು ಹುಡುಕಿದ್ದು ಇರಲಿಲ್ಲವೆಂದು ಸಾವಿರಾರು ಜನರೆದುರು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಗೆಲುವು ತಮ್ಮನ್ನು ತುಂಬಿಕೊಡಲಾರದೆಂದು ತಿಳಿದವರಿಗೆ ಸೋಲು ತಮ್ಮನ್ನು ಬರಿದು ಮಾಡೀತೆಂಬ ಭಯವೂ ಕಡಿಮೆಯಾಗಿತ್ತೆಂದು ನಾನು ತಿಳಿಯುತ್ತೇನೆ. ಎರಡು ಔಟ್ ಆದ ಮೇಲೆ ಹ್ಯಾನ್ಸನ್ ಬೀಸಿದ ಬ್ಯಾಟಿನಲ್ಲಿ ನನಗೆ ಕಾಣುವುದು ಅದೇ.

ಇದಕ್ಕೆ ಇನ್ನೊಂದು ಮುಖವಿದೆ. ಕಾಲೇಜು ಮುಗಿದ ಮೇಲೆ ಈ ಆಟದಲ್ಲಿ ಮುಂದಿನ ದಾರಿ ಅಂದು ತೀರ ಇಕ್ಕಟ್ಟಾದುದಾಗಿತ್ತು. 2020ರಲ್ಲಿ ಆರಂಭವಾದ ಅಥ್ಲೀಟ್ಸ್ ಅನ್‌ಲಿಮಿಟೆಡ್‌ನಂಥ ಸಣ್ಣ ವೃತ್ತಿಪರ ಲೀಗ್‌ಗಳಲ್ಲಿ ಕೆಲವರಿಗಷ್ಟೇ ಸ್ಥಾನ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲ್ ಇರಲಿಲ್ಲ. ಆದ್ದರಿಂದ ಜೂನ್ ತಿಂಗಳ ಆ ವಾರದಲ್ಲಿ ಆಡುತ್ತಿದ್ದ ಎಷ್ಟೋ ಮಂದಿಗೆ, ಐದಾರು ವಯಸ್ಸಿನಿಂದ ಆಡಿಕೊಂಡು ಬಂದ ಆಟದ ಕೊನೆಯ ದಿನಗಳು ಅವೇ ಆಗಿದ್ದವು. ಕೋವಿಡ್‌ನಿಂದ 2020ರ ಋತು ನಿಂತುಹೋದುದಕ್ಕೆ ದೊರೆತ ಹೆಚ್ಚುವರಿ ವರ್ಷವನ್ನು ಬಳಸಿಕೊಂಡು ಲಯನ್ಸ್ ಐದನೆಯ ವರ್ಷ ಆಡುತ್ತಿದ್ದರು. ಕಾಲೇಜು ತಂಡದಲ್ಲಿ ಇನ್ನೊಂದು ವರ್ಷ ಅವರಿಗೆ ಇರಲಿಲ್ಲ.

ಅಂತಿಮ ಸರಣಿ ಫ್ಲೋರಿಡಾ ಸ್ಟೇಟ್ ವಿರುದ್ಧ. ಜೂನ್ 7ರಂದು 5-0. ಮರುದಿನ ಫ್ಲೋರಿಡಾ ಸ್ಟೇಟ್ ಮೊದಲು ರನ್ ಗಳಿಸಿ ಮುನ್ನಡೆ ಪಡೆಯಿತು. ಬೇಲಿಯ ಆಚೆಗೆ ಹೋಗಲಿದ್ದ ಇನ್ನೊಂದು ಚೆಂಡನ್ನು ಕೋಲ್‌ಮನ್ ಓಡಿ ಬಂದು, ಹಾರಿ, ಬೇಲಿಯ ಮೇಲೆ ಕೈ ಚಾಚಿ ಹಿಡಿದರು. ಐದನೆಯ ಇನಿಂಗ್ಸ್‌ನಲ್ಲಿ ಸ್ಯಾಂಡರ್ಸ್ ಹೋಮ್ ರನ್ ಹೊಡೆದು ಸಮ ಮಾಡಿದರು, ಅವರ ಬೆನ್ನಿಗೇ ಬಂದ ಲಯನ್ಸ್ ಇನ್ನೊಂದು ಹೋಮ್ ರನ್ ಹೊಡೆದರು. 3-1ಕ್ಕೆ ಪಂದ್ಯ ಮುಗಿಯಿತು. ಕೊನೆಯ ಔಟ್‌ಗಳನ್ನು ಪಡೆದವರು ಬಾಹ್ಲ್. ಇಡೀ ವಿಶ್ವ ಸರಣಿಯಲ್ಲಿ 24ಕ್ಕೂ ಹೆಚ್ಚು ಇನಿಂಗ್ಸ್ ಎಸೆದು ಒಂದು ರನ್ನನ್ನೂ ಬಿಟ್ಟುಕೊಡದ ಅವರೇ ಸರಣಿಯ ಶ್ರೇಷ್ಠ ಆಟಗಾರ್ತಿ. ಸತತ 53 ಗೆಲುವು, ಸತತ ಮೂರನೆಯ ಪ್ರಶಸ್ತಿ. ಅದಕ್ಕೆ ಮುಂಚೆ ಸತತ ಮೂರು ಗೆದ್ದಿದ್ದ ಏಕೈಕ ತಂಡ 1988ರಿಂದ 1990ರವರೆಗಿನ ಯುಸಿಎಲ್ಎ.

ಕೆಲವೇ ದಿನಗಳಲ್ಲಿ ಬಾಹ್ಲ್ ಒಕ್ಲಹೋಮ ಬಿಟ್ಟು ತಮ್ಮ ತವರು ರಾಜ್ಯವಾದ ನೆಬ್ರಾಸ್ಕಾದ ವಿಶ್ವವಿದ್ಯಾಲಯಕ್ಕೆ ಹೋಗುವುದಾಗಿ ಪ್ರಕಟಿಸಿದರು. ಎಲ್ಲವನ್ನೂ ಗೆದ್ದ ತಂಡವನ್ನು ಏಕೆ ಬಿಡಬೇಕೆಂದು ಹಲವರು ಅಚ್ಚರಿಪಟ್ಟರು. ಮನೆಯ ಹತ್ತಿರ ಇರಬೇಕೆಂಬ ಆಸೆ ನನಗಂತೂ ಪೂರ್ತಿ ಅರ್ಥವಾಗುತ್ತದೆ. ಅಲ್ಲಿಯ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ತೀವ್ರ ಪೆಟ್ಟಾಗಿ ಅವರು 2024ರ ಇಡೀ ಋತುವನ್ನು ಕಳೆದುಕೊಂಡರು, ಮರುವರ್ಷ ಮತ್ತೆ ಅಂಗಳಕ್ಕೆ ಇಳಿದರು. ಅತ್ತ ಒಕ್ಲಹೋಮದ ಗೆಲುವಿನ ಸರಣಿ 71ಕ್ಕೆ ತಲುಪಿ, 2024ರ ಮಾರ್ಚ್ 3ರಂದು ಲೂಸಿಯಾನ ತಂಡದ ಎದುರು ನಿಂತಿತು. ಹೊಸದಾಗಿ ಕಟ್ಟಿದ ತಮ್ಮದೇ ಕ್ರೀಡಾಂಗಣದಲ್ಲಿ, ಅದು ಆರಂಭವಾದ ಮೊದಲ ವಾರಾಂತ್ಯದಲ್ಲೇ ಆದ ಸೋಲು ಅದು. ಆ ವರ್ಷ ಏಳು ಪಂದ್ಯಗಳಲ್ಲಿ ಸೋತರೂ ಜೂನ್‌ನಲ್ಲಿ ಟೆಕ್ಸಸ್ ತಂಡವನ್ನು ಮಣಿಸಿ ನಾಲ್ಕನೆಯ ಸತತ ಪ್ರಶಸ್ತಿ ಪಡೆದರು, ಅದು ಯಾರೂ ಮಾಡಿರದ ಸಾಧನೆ.

ಇನ್ನು ಉಳಿದಿರುವುದು ಕ್ಯಾನೆಡಿಯ ಮಾತು. 2023ರ ಜೂನ್ 5ರಂದು ಒಂಬತ್ತು ಇನಿಂಗ್ಸ್‌ಗಳ ಹೋರಾಟದಲ್ಲಿ ಸೋತು ಹೋದ ಆ ಮೊದಲ ವರ್ಷದ ವಿದ್ಯಾರ್ಥಿನಿ, ಮರುವರ್ಷ ದೇಶದ ಶ್ರೇಷ್ಠ ಕಾಲೇಜು ಆಟಗಾರ್ತಿ ಎನಿಸಿಕೊಂಡು, ಅನಂತರ ಹತ್ತು ಲಕ್ಷ ಡಾಲರಿಗೂ ಮೀರಿದ ಒಪ್ಪಂದದೊಂದಿಗೆ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯವನ್ನು ಸೇರಿದರು. ಸಾಫ್ಟ್‌ಬಾಲ್ ಆಟಗಾರ್ತಿಗೆ ಅಷ್ಟು ಹಣ ಎಂಬುದು ಅಲ್ಲಿಯವರೆಗೆ ಯಾರೂ ಕೇಳಿರದ ಸಂಗತಿ. 2025ರ ಜೂನ್ 2ರಂದು, ಅದೇ ಒಕ್ಲಹೋಮ ಸಿಟಿಯ ಅದೇ ಕ್ರೀಡಾಂಗಣದಲ್ಲಿ, ಅವರು ಮತ್ತೆ ಒಕ್ಲಹೋಮದ ಎದುರು ಚೆಂಡು ಹಿಡಿದು ನಿಂತರು. ಏಳನೆಯ ಇನಿಂಗ್ಸ್‌ನಲ್ಲಿ ಒಕ್ಲಹೋಮ ಎರಡು ರನ್‌ಗಳ ಹೋಮ್ ರನ್ ಹೊಡೆದು 2-2 ಮಾಡಿದಾಗ, ಹಳೆಯ ಕಥೆಯೇ ಮರುಕಳಿಸುತ್ತದೆಂದು ನೋಡುತ್ತಿದ್ದವರಿಗೆಲ್ಲ ಅನ್ನಿಸಿತ್ತು. ಅದೇ ಇನಿಂಗ್ಸ್‌ನ ತನ್ನ ಸರದಿಯಲ್ಲಿ ಟೆಕ್ಸಸ್ ಟೆಕ್ ಒಂದು ರನ್ ಗಳಿಸಿ 3-2ರಿಂದ ಗೆದ್ದಿತು.